ದಪ್ಪ ಪಿನ್ನು

ಯಾವ ಊರಿಗೆ ಕಾರ್ಯಕ್ರಮಕ್ಕೆ ಹೋದರೂ ನಾನು ಮೊದಲು ಹುಡುಕುವುದು ಒದ್ದೆ ನೆಲ. ಸ್ಟೇಜು ಎಲ್ಲಿ, ಜನ ಎಲ್ಲಿ ಕೂರುತ್ತಾರೆ, ಸ್ಪೀಕರು ಯಾವ ಕಡೆ ಮುಖ ಮಾಡಬೇಕು ಎಂಬುದೆಲ್ಲ ಆಮೇಲೆ. ದೇವಸ್ಥಾನದ ಬಾವಿಕಟ್ಟೆಯ ನೀರು ಹರಿದುಹೋಗುವ ಜಾಗ, ಯಾರದೋ ಬಚ್ಚಲಿನ ಹಿಂದೆ ಬಾಳೆ ಎದ್ದಿರುವ ಮೂಲೆ, ತೆಂಗಿನ ಬುಡದ ಪಾತಿ, ಇಂಥದ್ದೊಂದು ಸಿಕ್ಕರೆ ಸಮಾಧಾನ. ಅಲ್ಲಿ ಆರಡಿ ಉದ್ದದ ಅರ್ತಿಂಗ್ ರಾಡನ್ನು ಸುತ್ತಿಗೆಯಲ್ಲಿ ಹೊಡೆದು ಇಳಿಸಿ, ಬುಡಕ್ಕೆ ಎರಡು ಬಕೆಟ್ ಉಪ್ಪುನೀರು ಸುರಿದು, ಹಸಿರು ವಯರನ್ನು ನಟ್ಟು ಬೋಲ್ಟು ಹಾಕಿ ಬಿಗಿದ ಮೇಲೆಯೇ ನಮ್ಮ ಹುಡುಗರು ಲಾರಿಯಿಂದ ಸ್ಪೀಕರ್ ಇಳಿಸುವುದು. ಕಮಿಟಿಯವರಿಗೆ ಇದು ಸರಿ ಕಾಣುವುದಿಲ್ಲ. "ಆರು ಗಂಟೆಗೆ ಉದ್ಘಾಟನೆ, ಇವರು ಇನ್ನೂ ಗೂಟ ಹೊಡೀತಾ ಇದಾರೆ" ಎಂದು ಗೊಣಗುತ್ತಾರೆ. ಗೊಣಗಲಿ. ಈ ಅಭ್ಯಾಸ ನನಗೆ ಸುಮ್ಮನೆ ಬಂದದ್ದಲ್ಲ.

ನಾನು ಈ ಕಸುಬಿಗೆ ಬಂದದ್ದು 1991ರಲ್ಲಿ. ಎಸ್ಸೆಸ್ಸೆಲ್ಸಿ ಮುಗಿದಿತ್ತು, ಮುಂದೆ ಓದಿಸುವ ಶಕ್ತಿ ಮನೆಯಲ್ಲಿ ಇರಲಿಲ್ಲ. ಸಾಗರ ಪೇಟೆಯ ಒಂದು ಮೈಕ್ ಸೆಟ್ ಅಂಗಡಿಗೆ ಸೇರಿಕೊಂಡೆ. ಅಂಗಡಿಯಲ್ಲಿ ಅಹೂಜಾ ಆಂಪ್ಲಿಫೈಯರು ನಾಲ್ಕು, ತಗಡಿನ ಹಾರ್ನು ಒಂದು ಡಜನ್, ಮದುವೆಮನೆಗೆ ಬೇಕಾಗುವ ಸೀರಿಯಲ್ ಸೆಟ್ಟು, ಟ್ಯೂಬ್‌ಲೈಟು. ನನ್ನ ಅಪ್ಪ ಆಟ ನೋಡಿದ್ದು ಗ್ಯಾಸ್‌ಲೈಟಿನ ಬೆಳಕಿನಲ್ಲಿ. ಗದ್ದೆಬಯಲಲ್ಲಿ ಕಂಬಕ್ಕೆ ಎರಡು ಗ್ಯಾಸ್‌ಲೈಟು ಕಟ್ಟಿದರೆ ಬೆಳಗಿನವರೆಗೂ ಯಕ್ಷಗಾನ. ನಡುರಾತ್ರಿ ಮ್ಯಾಂಟಲ್ ಮಂಕಾದರೆ ಒಬ್ಬ ಏಣಿ ಹತ್ತಿ ಗಾಳಿ ಹೊಡೆದು ಇಳಿಯುತ್ತಿದ್ದ. ಭಾಗವತರ ದನಿ ಎಷ್ಟು ದೂರ ಹೋಗುತ್ತದೋ ಅಷ್ಟೇ ಸಭೆ. ನಮ್ಮ ಕಾಲಕ್ಕೆ ಎಲ್ಲವೂ ಕರೆಂಟಿನ ಮೇಲೆ ಬಂದು ನಿಂತಿತ್ತು.

ಕರೆಂಟು ಹುಟ್ಟುವುದು ನಮ್ಮ ಸೀಮೆಯಲ್ಲೇ. ಜೋಗದ ಮಹಾತ್ಮ ಗಾಂಧಿ ವಿದ್ಯುದಾಗಾರ 1948ರಿಂದ ನಡೆದಿದೆ, 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಎದ್ದಿತು. ಶರಾವತಿಯ ದೊಡ್ಡ ಲೈನುಗಳು ನಮ್ಮ ಕಾಡಿನ ನೆತ್ತಿಯ ಮೇಲೆ ಗುಂಯ್‌ಗುಡುತ್ತ ಬೆಂಗಳೂರಿನ ಕಡೆ ಹೋಗುತ್ತಿದ್ದವು. ಅದೇ ಲೈನಿನ ಕೆಳಗಿನ ಹಳ್ಳಿಯಲ್ಲಿ ಸಂಜೆ ಏಳಕ್ಕೆ ಮನೆಮನೆಯ ಬಲ್ಬು ಹತ್ತಿತೆಂದರೆ ಮೀಟರಿನಲ್ಲಿ 180 ವೋಲ್ಟು, ಟ್ರಾನ್ಸ್‌ಫಾರ್ಮರಿನಿಂದ ದೂರದ ಕೇರಿಯಾದರೆ 160. ಅಷ್ಟರಲ್ಲಿ ಆಂಪ್ಲಿಫೈಯರು ಏನು ಮಾಡೀತು? ಮೆಲ್ಲಗೆ ಮಾತಾಡಿದರೆ ಸರಿ ಕೇಳುತ್ತದೆ, ಮದ್ದಳೆಯ ಪೆಟ್ಟು ಬಿದ್ದ ಕೂಡಲೇ ದನಿ ಒಡೆಯುತ್ತದೆ. ಜನ ಮೈಕಿನವನನ್ನು ಬೈಯುತ್ತಾರೆ.

ಇದರಲ್ಲಿ ನಮ್ಮ ತಪ್ಪೂ ಇರುತ್ತಿತ್ತು. ಕಂಬದಿಂದ ಸ್ಟೇಜಿಗೆ ನೂರು ಮೀಟರ್ ಇದ್ದರೂ ಮನೆಗೆ ಎಳೆಯುವ ಎರಡೂವರೆ ಎಂ.ಎಂ. ತಾಮ್ರದ ವಯರನ್ನೇ ಎಳೆದುಬಿಡುತ್ತಿದ್ದೆವು. ಹೋಗುವ ನೂರು, ಬರುವ ನೂರು ಸೇರಿದರೆ ಆ ವಯರಿನಲ್ಲೇ ಸುಮಾರು ಒಂದೂವರೆ ಓಮ್ ಆಗುತ್ತದೆ. 10 ಆಂಪ್ ಎಳೆದರೆ 15 ವೋಲ್ಟು ದಾರಿಯಲ್ಲೇ ಖರ್ಚು, 20 ಎಳೆದರೆ 30. ಮೊದಲೇ ಬಡಕಲಾಗಿ ಬಂದ ಕರೆಂಟಿನ ಅರ್ಧ ಜೀವವನ್ನು ನಮ್ಮ ವಯರೇ ತಿನ್ನುತ್ತಿತ್ತು. ಸುತ್ತಿ ಇಟ್ಟ ವಯರಿನ ಕಟ್ಟನ್ನು ಮುಟ್ಟಿದರೆ ಬಿಸಿ ರೊಟ್ಟಿ ಮುಟ್ಟಿದ ಹಾಗೆ. ಪೂರ್ತಿ ಬಿಚ್ಚದೆ ಸುರುಳಿಯಲ್ಲೇ ಬಿಟ್ಟ ಕೇಬಲ್ಲು ಕರಗಿ ಮುದ್ದೆಯಾದದ್ದನ್ನು ನಾನು ಎರಡು ಸಲ ನೋಡಿದ್ದೇನೆ.

ಬಯಲುಸೀಮೆಯ ಕಡೆ ಬೇರೆಯದೇ ತೊಂದರೆ. ಶಿಕಾರಿಪುರ, ಸೊರಬದ ಕೆಳಗಿನ ಊರುಗಳಲ್ಲಿ ಪಂಪ್‌ಸೆಟ್ ಲೋಡು ಹೆಚ್ಚಾಗುತ್ತದೆಂದು ರಾತ್ರಿ ತ್ರೀ ಫೇಸ್ ತೆಗೆದು ಬರೀ ಸಿಂಗಲ್ ಫೇಸ್ ಬಿಡುತ್ತಿದ್ದರು. ಆ ರಾತ್ರಿಯೇ ನಮ್ಮ ನಾಟಕ, ನಮ್ಮ ಆರ್ಕೆಸ್ಟ್ರಾ. ಹೀಗಾಗಿ ದೊಡ್ಡ ಕಾರ್ಯಕ್ರಮವಾದರೆ ಜನರೇಟರ್ ಇಲ್ಲದೆ ನಡೆಯುತ್ತಿರಲಿಲ್ಲ. ಜನರೇಟರ್ ತರುತ್ತಿದ್ದವರನ್ನು ನಾವೆಲ್ಲ ಭಾಯಿ ಎಂದೇ ಕರೆಯುತ್ತಿದ್ದೆವು. ಅವರದು 62.5 ಕೆ.ವಿ.ಎ.ಯ ಸೆಟ್ಟು. ಲೆಕ್ಕಕ್ಕೆ ಪ್ರತಿ ಫೇಸಿಗೆ 87 ಆಂಪ್ ಕೊಡುತ್ತದೆ. ಎಂಜಿನ್ನು ನಿಮಿಷಕ್ಕೆ 1500 ಸುತ್ತು ತಿರುಗಿದರೆ 50 ಹರ್ಟ್ಸು, ಒಂದು ಚೂರು ಕುಗ್ಗಿದರೂ ಭಾಯಿಯ ಕಿವಿಗೆ ಗೊತ್ತಾಗುತ್ತಿತ್ತು. ಮೀಟರ್ ನೋಡದೆಯೇ "ಯಾರೋ ಎಲ್ಲಾ ಹ್ಯಾಲೋಜನ್ ಒಟ್ಟಿಗೆ ಹಾಕಿದ್ರಲ್ಲಾ, ಮೆಲ್ಲಗೆ ಹಾಕ್ರಪ್ಪಾ" ಎನ್ನುತ್ತಿದ್ದರು. ಬೀಡಿ ಹಚ್ಚಿ ಎಂಜಿನ್ನಿನ ಪಕ್ಕ ಕುಕ್ಕರಗಾಲಿನಲ್ಲಿ ಕೂತರೆ ಕಾರ್ಯಕ್ರಮ ಮುಗಿಯುವವರೆಗೂ ಏಳುತ್ತಿರಲಿಲ್ಲ. ನನಗೆ ವಿದ್ಯುತ್ ಕಲಿಸಿದ ಮೊದಲ ಮೇಷ್ಟ್ರು ಅವರೇ.

ಲೋಡ್ ಹಂಚುವುದನ್ನು ಕಲಿಸಿದ್ದು ಅಂಗಡಿಯ ಯಜಮಾನರು. ಕೆಂಪು ಫೇಸಿಗೆ ಎಡಗಡೆಯ ಲೈಟು, ಹಳದಿಗೆ ಬಲಗಡೆಯ ಲೈಟು, ನೀಲಿ ಫೇಸು ಸೌಂಡಿಗೆ ಮಾತ್ರ. "ನೀಲಿ ಮಡೀಲಿದೆ ಕಣೋ, ಅದನ್ನ ಯಾರೂ ಮುಟ್ಟಬಾರದು" ಎನ್ನುತ್ತಿದ್ದರು. ಅವರ ಮಾತಿನಲ್ಲಿ ಅರ್ಥವಿತ್ತು. ಲೈಟಿನ ಡಿಮ್ಮರುಗಳು ಕರೆಂಟಿನ ಅಲೆಯನ್ನು ಕತ್ತರಿಸಿ ಬೆಳಕು ಇಳಿಸುತ್ತವೆ, ಆ ಕತ್ತರಿಯ ಸದ್ದು ಅದೇ ಫೇಸಿನಲ್ಲಿರುವ ಆಂಪ್ಲಿಫೈಯರಿಗೆ ಹತ್ತಿ ಸ್ಪೀಕರಿನಲ್ಲಿ ಝೀಂ ಎನ್ನುತ್ತದೆ. ಹೀಗಾಗಿ ಸೌಂಡು ಬೇರೆಯಾಗಿಯೇ ಇರಬೇಕು.

1995ರ ಬೇಸಿಗೆಯಲ್ಲಿ ಸೊರಬ ತಾಲೂಕಿನ ಒಂದು ಜಾತ್ರೆ. ನಾಟಕದ ಎರಡನೇ ಅಂಕ. ಮೊದಲು ಕಂಡದ್ದು ಸ್ಟೇಜಿನ ಎಡಗಡೆಯ ಹ್ಯಾಲೋಜನ್ನುಗಳು ಕೆಂಪಗೆ ಮಂಕಾದದ್ದು. ಅದೇ ಹೊತ್ತಿಗೆ ನನ್ನ ಮಿಕ್ಸರಿನ ಮೇಲಿದ್ದ ಸಣ್ಣ ಬಲ್ಬು ಕಣ್ಣು ಕುಕ್ಕುವಷ್ಟು ಬೆಳ್ಳಗೆ ಉರಿಯತೊಡಗಿತು. ಒಂದು ಕಡೆ ಮಂಕು, ಇನ್ನೊಂದು ಕಡೆ ಉರಿ. ನಾನು ಅದನ್ನು ನೋಡುತ್ತ ನಿಂತೆ. ಇವತ್ತಾಗಿದ್ದರೆ ನೋಡುತ್ತ ನಿಲ್ಲುತ್ತಿರಲಿಲ್ಲ, ಓಡುತ್ತಿದ್ದೆ. ಎಣಿಸಿದರೆ ಐದಾರು ಸೆಕೆಂಡು ಅಷ್ಟೇ. ಬಲ್ಬು ಟಪ್ಪೆಂದಿತು, ಹಿಂದಿನಿಂದ ಸುಟ್ಟ ವಾರ್ನಿಶಿನ ವಾಸನೆ ಬಂತು, ಎರಡು ಆಂಪ್ಲಿಫೈಯರಿನಿಂದ ಹೊಗೆ.

ನ್ಯೂಟ್ರಲ್ ಕಳಚಿಕೊಂಡಿತ್ತು. ಒಂದೊಂದು ಫೇಸಿಗೂ ನ್ಯೂಟ್ರಲ್ಲಿಗೂ ನಡುವೆ 230 ವೋಲ್ಟು, ಒಂದು ಫೇಸಿಗೂ ಇನ್ನೊಂದಕ್ಕೂ ನಡುವೆ 400. ನ್ಯೂಟ್ರಲ್ ಗಟ್ಟಿಯಾಗಿ ಹಿಡಿದಿರುವವರೆಗೆ ಮೂರೂ ಫೇಸುಗಳು ತಮ್ಮ ತಮ್ಮ ಪಾಲಿನಲ್ಲಿ ಇರುತ್ತವೆ. ಅದು ಬಿಟ್ಟುಹೋದರೆ ಫೇಸುಗಳ ಲೋಡು ಒಂದರ ಬೆನ್ನಿಗೆ ಒಂದು ಸೇರಿ ಆ 400ನ್ನು ತಮ್ಮೊಳಗೆ ಹಂಚಿಕೊಳ್ಳುತ್ತವೆ. ಆ ಹಂಚಿಕೆ ಸಮಪಾಲಲ್ಲ. ಹೆಚ್ಚು ಲೋಡ್ ಹೊತ್ತ ಕಡೆಗೆ ಕಡಿಮೆ ವೋಲ್ಟು, ಹಗುರ ಲೋಡಿನ ಕಡೆಗೆ ಹೆಚ್ಚು. ನಾವು ಮಡಿಯಲ್ಲಿಟ್ಟಿದ್ದ ನೀಲಿ ಫೇಸು ಎಲ್ಲಕ್ಕಿಂತ ಹಗುರ. ಏಟು ತಿಂದದ್ದು ಅದೇ.

ತಪ್ಪು ಯಾರದು ಎಂದು ಹುಡುಕುವ ಕೆಲಸವೇ ಇರಲಿಲ್ಲ. ನ್ಯೂಟ್ರಲ್ಲಿನ ಬೋಲ್ಟನ್ನು ಕೂಡಿಸಿದವನು ನಾನು. ಅಲ್ಯೂಮಿನಿಯಂ ಕೇಬಲ್ಲು ಬಿಸಿಯಾದಾಗ ಹಿಗ್ಗಿ, ಆರಿದಾಗ ಕುಗ್ಗಿ ಹಿಡಿತ ಬಿಡುತ್ತದೆ. ಅದಕ್ಕೇ ಸ್ಪ್ಯಾನರ್ ಹಾಕಿ ಬಿಗಿದು, ಅರ್ಧ ಗಂಟೆ ಲೋಡ್ ಓಡಿಸಿ, ಆರಿಸಿ ಮತ್ತೊಮ್ಮೆ ಬಿಗಿಯಬೇಕು. ನಾನು ಕೈಯಲ್ಲೇ ತಿರುಗಿಸಿ, ಚಹಾ ಬಂತೆಂದು ಎದ್ದು ಹೋಗಿದ್ದೆ. ಯಜಮಾನರು ಹೊಡೆಯಲಿಲ್ಲ, ಬೈಯಲಿಲ್ಲ. ಎರಡು ಆಂಪ್ಲಿಫೈಯರನ್ನು ರಿವೈಂಡಿಂಗಿಗೆ ಕೊಟ್ಟು, ಸುಟ್ಟ ಬೋಲ್ಟನ್ನು ನನ್ನ ಕೈಗಿಟ್ಟರು. ಒಂದು ಮಗ್ಗುಲು ಕಪ್ಪಾಗಿ, ಇನ್ನೊಂದು ಮಗ್ಗುಲಿನ ಎಳೆ ಕರಗಿ ಮೊಂಡಾಗಿತ್ತು. ಈಗಲೂ ನನ್ನ ಟೂಲ್ ಬಾಕ್ಸಿನಲ್ಲಿ ಇದೆ.

ಆದರೆ ಆ ಬೋಲ್ಟಿಗಿಂತ ದೊಡ್ಡ ತಪ್ಪು ಇನ್ನೊಂದಿದೆ. ಅದನ್ನು ನಾನು ತಿಳಿದೂ ತಿಳಿದೂ ಮಾಡಿದೆ.

ದೊಡ್ಡ ಮಿಕ್ಸರು ಬಂದ ಮೇಲೆ ಅದನ್ನು ಜನರ ನಡುವೆ, ಸ್ಟೇಜಿನ ಎದುರು ಇಡುವ ರೂಢಿ ಶುರುವಾಯಿತು. ಮಿಕ್ಸರಿಗೆ ಕರೆಂಟು ಪಕ್ಕದ ಅಂಗಡಿಯಿಂದ, ಆಂಪ್ಲಿಫೈಯರಿಗೆ ಸ್ಟೇಜಿನ ಬೋರ್ಡಿನಿಂದ. ಎರಡೂ ಕಡೆ ಅರ್ತಿಂಗ್ ಬೇರೆ ಬೇರೆ, ನಡುವೆ ಸಿಗ್ನಲ್ ಕೇಬಲ್ಲಿನ ಶೀಲ್ಡು ಎರಡನ್ನೂ ಜೋಡಿಸಿ ಒಂದು ಉಂಗುರ ಮಾಡುತ್ತದೆ. ಆ ಉಂಗುರದಲ್ಲಿ ಹರಿಯುವ ಚೂರು ಕರೆಂಟು ಸ್ಪೀಕರಿನಲ್ಲಿ ಹೂಂ ಎಂದು ಕೇಳುತ್ತದೆ. ಹಾಡು ನಿಂತ ಕಡೆಯಲ್ಲೆಲ್ಲ ಆ ಹೂಂಕಾರ. ಒಂದು ಸಂಜೆ ಕೆಲಸದವನೊಬ್ಬ ಬಂದು "ಪ್ಲಗ್ಗಿನ ದಪ್ಪ ಪಿನ್ನಿನ ವಯರ್ ತೆಗೆದು ನೋಡು" ಎಂದ. ಪ್ಲಗ್ ಬಿಚ್ಚಿ ಹಸಿರು ವಯರನ್ನು ಹೊರಗೆಳೆದು, ಮಡಚಿ ಟೇಪು ಸುತ್ತಿದೆ. ಹೂಂ ಮಾಯ! ಯಜಮಾನರು "ಭೇಷ್" ಎಂದರು. ಆಂಪ್ಲಿಫೈಯರಿನದು ತೆಗೆದೆ, ಆಮೇಲೆ ಮಿಕ್ಸರಿನದು, ಆಮೇಲೆ ಕೀಬೋರ್ಡಿನದೂ ತೆಗೆದೆ. ನಮ್ಮ ಸೆಟ್ಟು ತುಂಬ ಕ್ಲೀನ್ ಎಂದು ಸುತ್ತಿನ ತಾಲೂಕುಗಳಲ್ಲಿ ಹೆಸರಾಯಿತು.

ಆ ದಪ್ಪ ಪಿನ್ನನ್ನು ಯಾಕೆ ದಪ್ಪ ಮಾಡಿದ್ದಾರೆ, ಯಾಕೆ ಉಳಿದೆರಡಕ್ಕಿಂತ ಉದ್ದ ಮಾಡಿದ್ದಾರೆ ಎಂದು ಆಗ ನಾನು ಕೇಳಿಕೊಳ್ಳಲಿಲ್ಲ. ಪ್ಲಗ್ ಹಾಕುವಾಗ ಅದು ಮೊದಲು ಕೂರಬೇಕು, ತೆಗೆಯುವಾಗ ಕೊನೆಗೆ ಬಿಡಬೇಕು. ಕರೆಂಟು ಬರುವುದಕ್ಕೆ ಮುಂಚೆ ಕಾವಲು ಬಂದಿರಬೇಕು ಎಂಬ ಲೆಕ್ಕ ಅದು.

1998ರ ಗಣಪತಿ ಹಬ್ಬ. ಶಿಕಾರಿಪುರದ ಕಡೆಯ ಒಂದು ಊರು, ಬೆಳಗಿನಿಂದ ಜಿಟಿಜಿಟಿ ಮಳೆ. ತ್ರೀ ಫೇಸ್ ಇದೆ ಎಂದು ಕಂಬದಿಂದಲೇ ಕರೆಂಟು ತೆಗೆದಿದ್ದೆವು, ಭಾಯಿಯ ಜನರೇಟರು ಕಾದು ನಿಂತಿತ್ತು. ದೇವರ ಎದುರಿನ ಸ್ಟೇಜಾದ್ದರಿಂದ ಆರ್ಕೆಸ್ಟ್ರಾದವರೆಲ್ಲ ಚಪ್ಪಲಿ ಬಿಟ್ಟು ಹತ್ತಿದ್ದರು. ಹಾಡುವ ಅಕ್ಕ ಎರಡು ಹಾಡು ಮುಗಿಸಿ, ಮೂರನೆಯದಕ್ಕೆ ಜನರ ಹತ್ತಿರ ಬರುತ್ತೇನೆಂದು ಸ್ಟೇಜಿನಿಂದ ಕೆಳಗಿಳಿದು ಒದ್ದೆ ಮಣ್ಣಿನ ಮೇಲೆ ಕಾಲಿಟ್ಟರು. ದನಿ ಅರ್ಧಕ್ಕೆ ನಿಂತಿತು. ಮುಖ ಸೆಟೆದುಕೊಂಡಿತು. ಕೈ ಮೈಕನ್ನು ಬಿಡುತ್ತಿಲ್ಲ, ಬಿಗಿಯಾಗಿ ಹಿಡಿದುಕೊಂಡೇ ಇದೆ. ಭಾವಾವೇಶ ಎಂದುಕೊಂಡು ಮುಂದಿನ ಸಾಲಿನವರು ಚಪ್ಪಾಳೆ ತಟ್ಟಿದರು.

ಗೊತ್ತಾದದ್ದು ಭಾಯಿಗೆ. ಮೇನ್ ಸ್ವಿಚ್ಚಿನ ಪಕ್ಕದಲ್ಲಿ ಬೀಡಿ ಸೇದುತ್ತಿದ್ದವರು ಎದ್ದು ಹ್ಯಾಂಡಲನ್ನು ಕೆಳಕ್ಕೆ ಎಳೆದುಬಿಟ್ಟರು. ಸ್ಟೇಜೆಲ್ಲ ಕತ್ತಲೆ. ಕತ್ತಲೆಯಲ್ಲಿ ಮೈಕು ನೆಲಕ್ಕೆ ಬಿದ್ದ ಸದ್ದು, ಆಮೇಲೆ ಅಕ್ಕ ಉಸಿರೆಳೆದುಕೊಂಡ ಸದ್ದು. ಆ ಎರಡನೆಯ ಸದ್ದು ಕೇಳುವವರೆಗಿನ ಹೊತ್ತು ನನ್ನ ಆಯಸ್ಸಿನಲ್ಲೇ ಉದ್ದದ ಹೊತ್ತು.

ಟಾರ್ಚು ಹಾಕಿ ನೋಡಿದರೆ, ಲಾರಿಯಲ್ಲಿ ಕುಲುಕಿ ಕುಲುಕಿ ಆಂಪ್ಲಿಫೈಯರಿನ ಕರೆಂಟ್ ವಯರು ಕಬ್ಬಿಣದ ರ‍್ಯಾಕಿನ ಅಂಚಿಗೆ ತಿಕ್ಕಿ ಸಿಪ್ಪೆ ಹರಿದಿತ್ತು. ಫೇಸು ರ‍್ಯಾಕಿಗೆ ತಾಗಿದೆ. ರ‍್ಯಾಕಿನಿಂದ ಶೀಲ್ಡಿಗೆ, ಶೀಲ್ಡಿನಿಂದ ಮಿಕ್ಸರಿಗೆ, ಮಿಕ್ಸರಿನಿಂದ ಮೈಕಿನ ಲೋಹದ ಮೈಗೆ. ನಾನು ಒಳ್ಳೆಯ ಸೌಂಡಿಗಾಗಿ ಬೆಸೆದ ಪ್ರತಿಯೊಂದು ಜೋಡಣೆಯೂ ಆ ಫೇಸನ್ನು ಅವರ ಅಂಗೈವರೆಗೆ ತಲುಪಿಸಿತ್ತು. ನೆಲಕ್ಕೆ ಹೋಗಲು ಅದಕ್ಕಿದ್ದ ಹಸಿರು ದಾರಿಯನ್ನು ನಾನೇ ಟೇಪು ಸುತ್ತಿ ಮುಚ್ಚಿದ್ದೆ.

ಅಕ್ಕನ ಅಂಗೈಯಲ್ಲಿ ಕೆಂಪು ಬರೆ ಎದ್ದಿತ್ತು. ಕುರ್ಚಿಯಲ್ಲಿ ಕೂತು ನೀರು ಕುಡಿದು, "ಏನಾಯ್ತು ತಮ್ಮಾ?" ಎಂದು ಕೇಳಿದರು. "ಮಳೆ ಅಕ್ಕಾ, ಮಳೆಯಿಂದ" ಎಂದೆ. ಅದು ಸುಳ್ಳು. ಮಳೆ ಆ ತಪ್ಪನ್ನು ಹೊರಗೆ ಹಾಕಿತು, ಅಷ್ಟೆ. ತಪ್ಪು ಎರಡು ವರ್ಷದಿಂದ ಪ್ಲಗ್ಗಿನೊಳಗೆ ಮಡಚಿಕೊಂಡು ಕೂತಿತ್ತು. ಯಜಮಾನರಿಗೆ ಮರುದಿನ ಹೇಳಿದೆ. ಅಂಗಡಿಯ ಅಷ್ಟೂ ಪ್ಲಗ್ಗುಗಳನ್ನು ನೆಲದ ಮೇಲೆ ಸುರಿದುಕೊಂಡು ಇಬ್ಬರೂ ಕೂತು ಹಸಿರು ವಯರನ್ನು ಮತ್ತೆ ಹಾಕಿದೆವು. ಅಕ್ಕನಿಗೆ ನಿಜ ಹೇಳಲು ಧೈರ್ಯ ಬಂದದ್ದು ಮುಂದಿನ ಯುಗಾದಿಯ ಕಾರ್ಯಕ್ರಮದಲ್ಲಿ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಇನ್ಮೇಲೆ ಮೈಕನ್ನ ಮೊದ್ಲು ನೀನು ಹಿಡೀಬೇಕು, ಆಮೇಲೆ ನಾನು" ಎಂದರು. ಅವರು ಹಾಡುವುದನ್ನು ಬಿಡುವವರೆಗೂ ಹಾಗೆಯೇ ನಡೆಯಿತು. ಬರಿಗಾಲಲ್ಲಿ ನೆಲದ ಮೇಲೆ ನಿಂತು, ಮೊದಲು ಟೆಸ್ಟ್ ಲ್ಯಾಂಪು, ಆಮೇಲೆ ಮುಂಗೈ, ಆಮೇಲೆ ಅಂಗೈ.

ಈ ತಪ್ಪು ನಮ್ಮೂರಿನ ಮೈಕ್ ಸೆಟ್‌ನವರದು ಮಾತ್ರ ಎಂದುಕೊಂಡಿದ್ದೆ. ಬೆಂಗಳೂರಿನಲ್ಲಿ ಕೆಲಸ ಮಾಡಿದ ಕಾಲದಲ್ಲಿ ಒಬ್ಬ ಎಂಜಿನಿಯರ್ ಹೇಳಿದರು: 1972ರ ಮೇ 3ರಂದು ವೇಲ್ಸಿನ ಸ್ವಾನ್ಸಿಯಲ್ಲಿ ಲೆಸ್ ಹಾರ್ವಿ ಎಂಬ ಗಿಟಾರ್ ವಾದಕ, ಸರಿಯಾಗಿ ಅರ್ತಿಂಗ್ ಇಲ್ಲದ ಮೈಕ್ ಮುಟ್ಟಿ ಸ್ಟೇಜಿನ ಮೇಲೇ ಸತ್ತುಹೋದ. ಅವನಿಗೆ ಇನ್ನೂ ಮೂವತ್ತು ತುಂಬಿರಲಿಲ್ಲ. ಅಲ್ಲಿ ಹ್ಯಾಂಡಲ್ ಎಳೆಯಲು ಒಬ್ಬ ಭಾಯಿ ಸಿಗಲಿಲ್ಲ ಎಂದು ನನಗೆ ಅನ್ನಿಸಿತು.

ಹೂಂಕಾರ ಹೋಗಲಾಡಿಸಲು ಬೇರೆ ದಾರಿ ಇದೆ, ಅದು ಸುಲಭದ್ದೇ. ಮಿಕ್ಸರಿಗೂ ಆಂಪ್ಲಿಫೈಯರಿಗೂ ಒಂದೇ ಬೋರ್ಡಿನಿಂದ ಕರೆಂಟು ಕೊಡಬೇಕು. ಸ್ಟೇಜಿನಿಂದ ಮಿಕ್ಸರಿಗೆ ಸಿಗ್ನಲ್ ಕೇಬಲ್ಲು ಹೋಗುವ ದಾರಿಯಲ್ಲೇ ಅದರ ಕರೆಂಟ್ ಕೇಬಲ್ಲೂ ಒಂದಷ್ಟು ಅಂತರ ಬಿಟ್ಟು ಹೋಗಲಿ. ಇಷ್ಟಾದರೆ ನೂರಕ್ಕೆ ತೊಂಬತ್ತು ಕಡೆ ಸದ್ದು ಅಡಗುತ್ತದೆ. ಅಡಗದಿದ್ದರೆ ಸಿಗ್ನಲ್ಲಿನ ನಡುವೆ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಹಾಕಬೇಕು, ಇಲ್ಲವೇ ಸಿಗ್ನಲ್ ಕೇಬಲ್ಲಿನ ಶೀಲ್ಡನ್ನು ಒಂದು ತುದಿಯಲ್ಲಿ ಬಿಡಿಸಬೇಕು. ಕರೆಂಟಿನ ಹಸಿರು ವಯರಿಗೆ ಕೈ ಹಾಕುವ ಅಗತ್ಯ ಎಲ್ಲೂ ಬರುವುದಿಲ್ಲ.

ರಾಡು ಹೊಡೆದರೆ ಮುಗಿಯಿತು ಎಂದೂ ತಿಳಿಯಬಾರದು. ಗಟ್ಟಿ ಕೆಂಪು ನೆಲದಲ್ಲಿ ಆ ರಾಡಿನ ತಡೆ 20 ಓಮ್ ಇದ್ದರೆ, 230 ವೋಲ್ಟು ಅದರೊಳಗೆ ತಳ್ಳುವುದು ಹನ್ನೊಂದೂವರೆ ಆಂಪ್ ಮಾತ್ರ. 32 ಆಂಪಿನ ಫ್ಯೂಸು ಅದನ್ನು ಲೋಡೆಂದೇ ತಿಳಿದು ಸುಮ್ಮನಿರುತ್ತದೆ, ರ‍್ಯಾಕು ಕರೆಂಟಿನಲ್ಲೇ ಇರುತ್ತದೆ. ಇದಕ್ಕಾಗಿಯೇ ಆರ್‌ಸಿಸಿಬಿ ಬೇಕು. ಹೋದ ಕರೆಂಟೆಷ್ಟು, ವಾಪಸು ಬಂದದ್ದೆಷ್ಟು ಎಂದು ಅದು ಸದಾ ತೂಗಿ ನೋಡುತ್ತಿರುತ್ತದೆ. 30 ಮಿಲಿಆಂಪಿನಷ್ಟು ಎಲ್ಲೋ ಸೋರಿ ನೆಲಕ್ಕೆ ಹೋಯಿತೆಂದರೆ ಒಂದು ಸೆಕೆಂಡಿನ ಮೂರನೇ ಒಂದು ಭಾಗದೊಳಗೆ ಕಡಿದುಹಾಕುತ್ತದೆ, ಸೋರಿಕೆ ದೊಡ್ಡದಾದರೆ ಇನ್ನೂ ಬೇಗ. ಭಾಯಿ ಆ ದಿನ ಮಾಡಿದ್ದನ್ನೇ ಇದು ಮಾಡುತ್ತದೆ, ಬೀಡಿ ಮುಗಿಯುವುದನ್ನು ಕಾಯುವುದಿಲ್ಲ. 2001ರಲ್ಲಿ ನಾನು ಸ್ವಂತ ಸೆಟ್ಟು ಮಾಡಿದಾಗ ಸ್ಪೀಕರಿಗಿಂತ ಮೊದಲು ಕೊಂಡದ್ದು ಇದನ್ನೇ. ಪ್ರತಿ ಕಾರ್ಯಕ್ರಮಕ್ಕೂ ಮುಂಚೆ ಅದರ ಟೆಸ್ಟ್ ಬಟನ್ ಒತ್ತಿ, ಬಿದ್ದದ್ದನ್ನು ಕಣ್ಣಾರೆ ನೋಡಿಯೇ ಮುಂದುವರಿಯುತ್ತೇನೆ.

ಈಗ ಕಾಲ ಬದಲಾಗಿದೆ. 1000 ವ್ಯಾಟಿನ 24 ಪಾರ್ ಲೈಟು ಹಾಕಿದರೆ ಮೂರು ಫೇಸಿಗೆ ಹಂಚಿದ ಮೇಲೂ ಒಂದೊಂದಕ್ಕೆ 35 ಆಂಪ್ ಬೇಕಾಗುತ್ತಿತ್ತು. ಎಲ್‌ಇಡಿ ಬಂದ ಮೇಲೆ ಅದರ ಐದನೇ ಒಂದು ಪಾಲೂ ಬೇಡ. ಹುಡುಗರು ಅದಕ್ಕೇ ಲೋಡಿಲ್ಲ ಬಿಡಿ ಅಣ್ಣಾ ಎನ್ನುತ್ತಾರೆ. ನಾನು ಬಿಡುವುದಿಲ್ಲ. ನಮ್ಮಲ್ಲಿ ಹೆಚ್ಚಿನವರ ಹತ್ತಿರ ಇರುವುದು ಮೂರೂವರೆ ಕೋರ್ ಕೇಬಲ್ಲು: ಮೂರು ಫೇಸು ಪೂರ್ಣ ಗಾತ್ರದ್ದು, ನ್ಯೂಟ್ರಲ್ ಅರ್ಧ ಗಾತ್ರದ್ದು. ಹ್ಯಾಲೋಜನ್ ಕಾಲದಲ್ಲಿ ಅದು ನಡೆಯುತ್ತಿತ್ತು, ಲೋಡ್ ಸಮ ಇದ್ದರೆ ಮೂರು ಫೇಸಿನ ಕರೆಂಟು ನ್ಯೂಟ್ರಲ್ಲಿನಲ್ಲಿ ಒಂದನ್ನೊಂದು ಕಳೆದುಕೊಳ್ಳುತ್ತಿತ್ತು. ಎಲ್‌ಇಡಿ ಗೋಡೆಯ ಪವರ್ ಸಪ್ಲೈಗಳು ಅಲೆಯ ತುದಿಯಲ್ಲಿ ಮಾತ್ರ ಕಚ್ಚಿ ಎಳೆಯುವುದರಿಂದ 150 ಹರ್ಟ್ಸಿನ ಕರೆಂಟು ಹುಟ್ಟುತ್ತದೆ. ಅದು ಮೂರು ಫೇಸಿನಿಂದಲೂ ಬಂದು ನ್ಯೂಟ್ರಲ್ಲಿನಲ್ಲಿ ಕೂಡಿಕೊಳ್ಳುತ್ತದೆ. ಅಗ್ಗದ ಸಪ್ಲೈಗಳಾದರೆ ಫೇಸಿಗಿಂತ ನ್ಯೂಟ್ರಲ್ಲೇ ಹೆಚ್ಚು ಹೊರುವ ದಿನ ಬರುತ್ತದೆ. ಆಗ ಆ ಅರ್ಧ ಗಾತ್ರದ ವಯರು, ಅದರ ತುದಿಯ ಬೋಲ್ಟು! ನನ್ನ ಟೂಲ್ ಬಾಕ್ಸಿನಲ್ಲಿರುವ ಬೋಲ್ಟು ನನಗೆ ನೆನಪಾಗುತ್ತದೆ. ದೊಡ್ಡ ಎಲ್‌ಇಡಿ ಗೋಡೆ ಇದ್ದರೆ ನಾನು ನಾಲ್ಕು ಕೋರಿನ ಪೂರ್ಣ ನ್ಯೂಟ್ರಲ್ ಕೇಬಲ್ಲು ಇಲ್ಲದೆ ಕೆಲಸ ಒಪ್ಪಿಕೊಳ್ಳುವುದಿಲ್ಲ.

ನೆಲ ನೋಡುವವರು ತಲೆ ಎತ್ತಿಯೂ ನೋಡಬೇಕು. 2024ರ ಜನವರಿಯಲ್ಲಿ ಗದಗ ಜಿಲ್ಲೆಯ ಸೂರಣಗಿಯಲ್ಲಿ ನಟರೊಬ್ಬರ ಹುಟ್ಟುಹಬ್ಬಕ್ಕೆಂದು ನಡುರಾತ್ರಿ ಕಟೌಟ್ ನಿಲ್ಲಿಸಲು ಹೋಗಿ, ಮೇಲಿನ ತಂತಿ ತಾಗಿ ಮೂವರು ಯುವಕರು ಸತ್ತರು. ಕಬ್ಬಿಣದ ಕಂಬಗಳನ್ನು ನಾವೂ ಪ್ರತಿ ವಾರ ಹಾಗೆಯೇ ಎತ್ತಿ ನಿಲ್ಲಿಸುತ್ತೇವೆ. ಲೈನಿನ ಕೆಳಗೆ ಸ್ಟೇಜು ಬೇಡ ಎಂದು ಹೇಳಿ ಎರಡು ಕಾರ್ಯಕ್ರಮ ಬಿಟ್ಟುಕೊಟ್ಟಿದ್ದೇನೆ. ಬೇರೆಯವರು ಬಂದು ಅದೇ ಜಾಗದಲ್ಲಿ ಮಾಡಿ ಹೋದರು, ಏನೂ ಆಗಲಿಲ್ಲ. ಆದರೂ ನಾನು ಬಿಟ್ಟುಕೊಟ್ಟದ್ದು ಸರಿ.

ಭಾಯಿ ಈಗಿಲ್ಲ. ಅವರ ಮಗ ಸೈಲೆಂಟ್ ಜನರೇಟರ್ ಇಟ್ಟಿದ್ದಾನೆ, ಎಂಜಿನ್ನಿನ ಉಸಿರು ಹೊರಗೆ ಕೇಳುವುದಿಲ್ಲ.

ಹಬ್ಬದ ಕಮಿಟಿಗಳಲ್ಲಿ ಓಡಾಡುವ ತಮ್ಮಂದಿರಲ್ಲಿ ನನ್ನದೊಂದು ಕೋರಿಕೆ. ಸೌಂಡಿನವರನ್ನು ಗೊತ್ತು ಮಾಡುವಾಗ ಬೇಸು ಎಷ್ಟು, ಟಾಪು ಎಷ್ಟು, ಲೈಟು ಎಷ್ಟು ಎಂದು ಕೇಳುತ್ತೀರಿ. ಈ ಸಲ ಇನ್ನೆರಡು ಕೇಳಿ. ಆರ್‌ಸಿಸಿಬಿಯ ಟೆಸ್ಟ್ ಬಟನ್ ನಮ್ಮೆದುರು ಒತ್ತಿ ತೋರಿಸಿ ಎನ್ನಿ. ಹಸಿರು ವಯರಿನ ತುದಿ ಎಲ್ಲಿ ನೆಲ ಸೇರಿದೆ ಎಂದು ಜೊತೆಗೆ ನಡೆದು ಹೋಗಿ ನೋಡಿ. ಎರಡಕ್ಕೂ ಸೇರಿ ಐದು ನಿಮಿಷ ಸಾಕು.